ಬೋರ್ಡೋದಿಂದ ಮಂಡ್ಯಕ್ಕೆ: ಕೋಲ್ಮನ್ ಬದುಕು ಕೇಳುವ ಪ್ರಶ್ನೆ

ಮಂಡ್ಯದ ಸಕ್ಕರೆ ಕಾರ್ಖಾನೆ ಯಾರಿಂದ ಬಂತು ಅಂತ ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರು ಸರ್ ಎಂ. ವಿಶ್ವೇಶ್ವರಯ್ಯ ಅಂತಾರೆ. ಕೆಲವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅಂತಾರೆ. ಇಬ್ಬರಿಗೂ ಅದರಲ್ಲಿ ಪಾಲಿದೆ, ಇಲ್ಲ ಅನ್ನೋಕಾಗಲ್ಲ. ಆದರೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ, ಮೈಸೂರು ಸಕ್ಕರೆ ಕಂಪನಿ ಶುರುವಾಗಿದ್ದು 1933ರಲ್ಲಿ. ನಡುವೆ ಹದಿನೈದು ವರ್ಷದ ಅಂತರ ಇದೆ. ನಾಲೆಯ ನೀರಿಗೆ ಯಾವ ಬೆಳೆ ಹೊಂದುತ್ತೆ, ಆ ಬೆಳೆಯನ್ನ ಯಾರು ಕೊಳ್ಳಬೇಕು, ರೈತನಿಗೆ ಏನು ಉಳಿಯಬೇಕು ಅಂತ ಕೂತು ಲೆಕ್ಕ ಹಾಕಿದ ಒಬ್ಬ ವಿಜ್ಞಾನಿ ಆ ಕಾಲದಲ್ಲಿದ್ದರು. ಅವರು ಕೆನಡಾದವರು. ಹೆಸರು ಲೆಸ್ಲಿ ಕೋಲ್ಮನ್.

ಅವರ ಬಗ್ಗೆ ಈಗ ಬರೆಯೋಕೆ ಕಾರಣ ಇದೆ. ಕೃಷಿ ಅಂದರೆ ಖಾಸಗಿ ಕಂಪನಿ, ಖಾಸಗಿ ಬೀಜ, ಖಾಸಗಿ ಆ್ಯಪ್ ಅನ್ನುವ ಮಾತು ನಮ್ಮ ತಲೆಮಾರಿನ ಕಿವಿಗೆ ದಿನಾ ಬೀಳ್ತಿದೆ. ಸರ್ಕಾರ ಕಾರ್ಖಾನೆ ನಡೆಸಬಾರದು, ಇಲಾಖೆಗಳಿಂದ ಏನೂ ಆಗಲ್ಲ ಅನ್ನೋದು ಈಗ ಸಾಮಾನ್ಯ ತಿಳಿವಳಿಕೆ ಅನ್ನೋ ಹಾಗೆ ಆಗಿಬಿಟ್ಟಿದೆ. ಕೋಲ್ಮನ್ ಬದುಕನ್ನ ಓದ್ತಾ ಹೋದರೆ ಈ ತಿಳಿವಳಿಕೆ ಎಷ್ಟು ತೆಳು ಅಂತ ನನಗೆ ಅನ್ನಿಸಿತು. ಹಾಗೆಯೇ, ಅವರನ್ನ ದೇವರು ಮಾಡಿ ಫೋಟೋಗೆ ಹಾರ ಹಾಕಿ ಮುಗಿಸೋದೂ ಸರಿಯಲ್ಲ ಅನ್ನಿಸಿತು.

ಶಿವನಸಮುದ್ರದ ಕರೆಂಟು, ಕೋಲಾರದ ಚಿನ್ನ

ಕೋಲ್ಮನ್ ಬರೋಕೆ ಮುಂಚೆ ಕಾವೇರಿ ನೀರು ಯಾರ ಕೆಲಸಕ್ಕೆ ಬರ್ತಿತ್ತು ಅಂತ ಮೊದಲು ನೋಡೋಣ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ನದಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿ ಅಂತ ಧುಮುಕುತ್ತೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅಲ್ಲಿ ವಿದ್ಯುತ್ ಉತ್ಪಾದಿಸುವ ಯೋಜನೆ ತಯಾರಾಯಿತು. ಅದನ್ನ ರೂಪಿಸಿದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಕೂಡ ಕೆನಡಾದವರೇ. 1902ರಲ್ಲಿ ಕೆಲಸ ಮುಗಿದು ಕರೆಂಟು ಹರಿದಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸೋದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಅದೇ ಕರೆಂಟಿನಿಂದ ಹತ್ತಿದವು.

ಚಿನ್ನ ಹೋಗಿದ್ದು ಬ್ರಿಟಿಷ್ ಕಂಪನಿಗಳಿಗೆ. ಸಂಸ್ಥಾನಕ್ಕೆ ಬಂದಿದ್ದು ರಾಜಧನ ಮತ್ತು ಕರೆಂಟಿನ ದುಡ್ಡು. ಜಲಪಾತದ ಸುತ್ತಲಿನ ಹಳ್ಳಿಗಳಿಗೆ ಆ ಬೆಳಕು ಬಂದಿದ್ದು ಬಹಳ ಬಹಳ ತಡವಾಗಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗಲೂ ಅದರ ಒಂದು ದೊಡ್ಡ ಉದ್ದೇಶ ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪದ ಹಾಗೆ ನೋಡಿಕೊಳ್ಳೋದಾಗಿತ್ತು. ಮಂಡ್ಯದ ಗದ್ದೆಗಳಿಗೆ ದೊಡ್ಡ ನಾಲೆಯ ನೀರು ಸಿಗೋಕೆ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು.

ತಂತ್ರಜ್ಞಾನ ಬಂದ ತಕ್ಷಣ ಅದು ಜನರದ್ದಾಗಲ್ಲ ಅನ್ನೋಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ. ಕರೆಂಟಿನ ಕತೆ ಹೀಗಾದರೆ ಕೃಷಿ ವಿಜ್ಞಾನದ ಕತೆ ಹೇಗಾಯಿತು? ಅಲ್ಲಿಗೆ ಕೋಲ್ಮನ್ ಬರ್ತಾರೆ.

ಕೆನಡಾದ ಹುಡುಗ ಹೆಬ್ಬಾಳಕ್ಕೆ

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋದಲ್ಲಿ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟ್ಟಿಂಗನ್‌ನಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. 1908ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಮೈಸೂರು ಸಂಸ್ಥಾನಕ್ಕೆ ಬಂದರು. ಕೆಲಸ ಎರಡು: ಬೆಳೆಗೆ ಬರುವ ಶಿಲೀಂಧ್ರ ರೋಗಗಳನ್ನೂ ನೋಡಬೇಕು, ಕೀಟಗಳನ್ನೂ ನೋಡಬೇಕು. ಒಂದು ಸಂಸ್ಥಾನಕ್ಕೆಲ್ಲ ಒಬ್ಬರೇ!

ಅವರು ಬರೋ ಹೊತ್ತಿಗೆ ಬೆಂಗಳೂರಿನ ಹೊರಗೆ ಹೆಬ್ಬಾಳದಲ್ಲಿ ಒಂದು ಪ್ರಯೋಗದ ಜಮೀನು ಇತ್ತು. 1899ರಲ್ಲಿ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ ಮೂವತ್ತು ಎಕರೆಯಲ್ಲಿ ಅಡಾಲ್ಫ್ ಲೆಹ್ಮನ್ ಎಂಬ ರಸಾಯನ ವಿಜ್ಞಾನಿ ಅದನ್ನ ಶುರು ಮಾಡಿದ್ದರು. ಅದೇ ಜಾಗ ಮುಂದೆ ಕೃಷಿ ಶಾಲೆ, ಕೃಷಿ ಕಾಲೇಜು, ಕೃಷಿ ವಿಶ್ವವಿದ್ಯಾಲಯವಾಗಿ ಬೆಳೀತು.

ಕೋಲ್ಮನ್ ಮುಂದೆ ಬಂದ ಮೊದಲ ದೊಡ್ಡ ಸಮಸ್ಯೆ ಮಲೆನಾಡಿನದ್ದು. ಅಡಿಕೆ ಕೊಳೆರೋಗ. ಅದಕ್ಕೆ ಅವರು ಹುಡುಕಿದ ಮದ್ದಿನ ಮೂಲ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿತ್ತು. ಆ ಕತೆ ಗೊತ್ತಿಲ್ಲದೆ ಕೋಲ್ಮನ್ ಮಾಡಿದ ಕೆಲಸದ ಬೆಲೆ ಗೊತ್ತಾಗಲ್ಲ, ಹಾಗಾಗಿ ಸ್ವಲ್ಪ ಫ್ರಾನ್ಸಿಗೆ ಹೋಗಿ ಬರೋಣ.

ಮೆಡಾಕ್ ಹಳ್ಳಿಗಳ ನೀಲಿ ಎಲೆ

ಫ್ರಾನ್ಸಿನ ನೈಋತ್ಯಕ್ಕೆ ಬೋರ್ಡೋ ಅಂತ ಒಂದು ಬಂದರು ನಗರ ಇದೆ. ಅಲ್ಲಿಂದ ಉತ್ತರಕ್ಕೆ, ಜಿರೋಂಡ್ ಅಳಿವೆಯ ಎಡದಂಡೆಯಲ್ಲಿ ಉದ್ದಕ್ಕೆ ಚಾಚಿಕೊಂಡ ಸೀಮೆಗೆ ಮೆಡಾಕ್ ಅಂತ ಹೆಸರು. ಮಾರ್ಗೋ, ಸೇಂಟ್ ಜೂಲಿಯನ್, ಪೋಯಾಕ್, ಸೇಂಟ್ ಎಸ್ಟೆಫ್ ಅಲ್ಲಿನ ಹಳ್ಳಿಗಳು. ನೆಲ ನೋಡಿದರೆ ನಮ್ಮ ರೈತರು ಮೂಗು ಮುರೀತಾರೆ, ಯಾಕಂದ್ರೆ ಅದು ಬರೀ ಗರಸು, ಕಲ್ಲು. ಬೇರೆ ಬೆಳೆಗೆ ಅಷ್ಟಾಗಿ ಒಗ್ಗದ ಆ ನೆಲದಲ್ಲಿ ನೀರು ನಿಲ್ಲಲ್ಲ, ಬಳ್ಳಿಯ ಬೇರು ಆಳಕ್ಕೆ ಇಳಿಯುತ್ತೆ, ವೈನ್ ದ್ರಾಕ್ಷಿಗೆ ಅದೇ ಬೇಕು. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಅಂತ ಇಲ್ಲಿನ ಎಸ್ಟೇಟುಗಳನ್ನ ಐದು ದರ್ಜೆಗಳಾಗಿ ವಿಂಗಡಿಸಿದರು. ವಿಂಗಡಿಸಿದವರು ವ್ಯಾಪಾರದ ದಲ್ಲಾಳಿಗಳು. ಅವರು ಆಧಾರವಾಗಿ ಇಟ್ಟುಕೊಂಡಿದ್ದು ಬಹುಮಟ್ಟಿಗೆ ಮಾರುಕಟ್ಟೆ ಬೆಲೆಯನ್ನ. ಎಸ್ಟೇಟಿನ ಯಜಮಾನನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ಬಳ್ಳಿ ಕತ್ತರಿಸುವ, ಗೊನೆ ಕೀಳುವ ಕೂಲಿಯವರ ಹೆಸರು ಎಲ್ಲೂ ಬರಲಿಲ್ಲ.

ಹತ್ತೇ ವರ್ಷದಲ್ಲಿ ಈ ವೈಭವಕ್ಕೆ ಏಟು ಬಿತ್ತು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬೇರನ್ನೇ ಹೀರಿ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನ ಒಣಗಿಸ್ತಾ ಹೋಯಿತು. ಅದನ್ನ ತಡೆಯೋಕೆ ಅಮೆರಿಕದ ಬಳ್ಳಿಗಳ ಬೇರಿಗೆ ಫ್ರಾನ್ಸಿನ ಬಳ್ಳಿ ಕಸಿ ಕಟ್ಟಿದರು. ಆದರೆ ಅಮೆರಿಕದಿಂದ ತರಿಸಿದ ಬಳ್ಳಿಗಳ ಜೊತೆ ಬೂಜು ರೋಗವೂ ಬಂತು. 1878ರ ಹೊತ್ತಿಗೆ ಎಲೆಯ ಅಡಿಯಲ್ಲಿ ಬಿಳಿ ಬೂಜು ಕಟ್ಟಿ ಬಳ್ಳಿಗಳು ಬೋಳಾಗತೊಡಗಿದವು.

1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಅಲೆಕ್ಸಿ ಮಿಲಾರ್ಡೆ ಸೇಂಟ್ ಜೂಲಿಯನ್ ಹಳ್ಳಿಯಲ್ಲಿ ಹೋಗ್ತಾ ಒಂದು ವಿಚಿತ್ರ ಗಮನಿಸಿದರು. ತೋಟದ ಒಳಗಿನ ಬಳ್ಳಿಗಳಿಗೆಲ್ಲ ರೋಗ ಬಂದು ಎಲೆ ಉದುರಿದೆ, ರಸ್ತೆ ಬದಿಯ ಸಾಲುಗಳು ಮಾತ್ರ ಹಸಿರಾಗಿವೆ. ಅವುಗಳ ಎಲೆ ಮೇಲೆ ನೀಲಿ ಲೇಪ. ವಿಚಾರಿಸಿದಾಗ ಗೊತ್ತಾಯಿತು, ದಾರಿಹೋಕರು ದ್ರಾಕ್ಷಿ ಕದ್ದು ತಿನ್ನದಿರಲಿ ಅಂತ ತೋಟದವರು ಮೈಲುತುತ್ತವನ್ನ ಸುಣ್ಣದ ಜೊತೆ ಕಲಸಿ ರಸ್ತೆ ಬದಿಯ ಸಾಲಿಗೆ ಚಿಮುಕಿಸ್ತಿದ್ದರು. ನೋಡಿದವರಿಗೆ ವಿಷ ಅನ್ನಿಸಬೇಕು, ಅಷ್ಟೇ ಉದ್ದೇಶ. ಮಿಲಾರ್ಡೆ ತಮ್ಮ ಸಹೋದ್ಯೋಗಿ ಯುಲಿಸ್ ಗೇಯೋನ್ ಜೊತೆ, ಎಸ್ಟೇಟಿನ ಮೇಲ್ವಿಚಾರಕ ಅರ್ನೆಸ್ಟ್ ಡೇವಿಡ್ ಸಹಾಯದಿಂದ ಪ್ರಯೋಗ ಮಾಡಿ, 1885ರಲ್ಲಿ ಮಿಶ್ರಣದ ವಿವರ ಪ್ರಕಟಿಸಿದರು. ಊರಿನ ಹೆಸರೇ ಮದ್ದಿಗೂ ಬಂತು.

ನಮ್ಮ ಅಡಿಕೆ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಹೊಡೆಯುವ ಬೋರ್ಡೋ ಇದೇನೇ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಬೋರ್ಡೋ ಅನ್ನೋದು ಕಂಪನಿ ಹೆಸರು ಅಂದುಕೊಂಡಿರುವ ಗೆಳೆಯರು ನನಗಿದ್ದಾರೆ. ಅದು ಕಂಪನಿಯಲ್ಲ, ಕಂಪನಿಗೆ ಸೇರಿದ್ದೂ ಅಲ್ಲ. ಯಾರು ಬೇಕಾದರೂ ಅಂಗಡಿಯಿಂದ ಎರಡು ಸಾಮಾನು ತಂದು ಡ್ರಮ್ಮಿನಲ್ಲಿ ಕಲಸಿಕೊಳ್ಳಬಹುದು. ಅದರ ದೊಡ್ಡ ಗುಣವೇ ಅದು.

ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿಗೆ ಮದ್ದು

ಮುಂಗಾರು ಜೋರಾದಾಗ ಅಡಿಕೆ ಗೊನೆಯ ಎಳೆಕಾಯಿಗಳು ನೀರು ಹತ್ತಿದ ಹಾಗಾಗಿ, ಕೊಳೆತು, ಉದುರುತ್ತವೆ. ವರ್ಷದ ಫಸಲು ಕೆಲವೇ ವಾರದಲ್ಲಿ ನೆಲಕ್ಕೆ ಬಿದ್ದುಬಿಡುತ್ತೆ. ಹಿಂದೆ ಇದಕ್ಕೆ ಇದ್ದ ಉಪಾಯ ಕೊಟ್ಟೆ ಕಟ್ಟೋದು. ಒಂದೊಂದು ಗೊನೆಗೂ ಮಳೆ ತಾಗದ ಹಾಗೆ ಮರ ಹತ್ತಿ ಹೊದಿಕೆ ಕಟ್ಟಬೇಕು. ಕೊನೆಗಾರರ ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು, ಖರ್ಚೂ ಜಾಸ್ತಿ. ಸಣ್ಣ ತೋಟದವರಿಗೆ ಪೂರಾ ಕಟ್ಟಿಸೋಕೆ ಆಗ್ತಿರಲಿಲ್ಲ.

ಕೋಲ್ಮನ್ ಮಲೆನಾಡಿನ ತೋಟಗಳಿಗೆ ಹೋಗಿ ಅಧ್ಯಯನ ಮಾಡಿದರು. 1910ರಲ್ಲಿ ಅವರು ಪ್ರಕಟಿಸಿದ ವರದಿ ಕೊಳೆರೋಗದ ಕಾರಣವನ್ನ ಗುರುತಿಸಿತು. ಅದು ಫೈಟಾಫ್ತೊರಾ ಗುಂಪಿನ ಸೂಕ್ಷ್ಮಜೀವಿ. ಇದೇ ಕುಲದ ಇನ್ನೊಂದು ಜೀವಿ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದು, ಆಳುವವರ ನಿರ್ಲಕ್ಷ್ಯವೂ ಸೇರಿ, ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಮೆಡಾಕಿನ ದ್ರಾಕ್ಷಿಯ ಬೂಜು ಕೂಡ ಇದರ ದೂರದ ನೆಂಟ. ಹಾಗಾಗಿ ದ್ರಾಕ್ಷಿಗೆ ಆದ ಮದ್ದು ಅಡಿಕೆಗೂ ಆದೀತು ಅನ್ನುವ ಲೆಕ್ಕ ಸರಿಯಾಗಿತ್ತು.

ಆದರೆ ಫ್ರಾನ್ಸಿನ ಮಳೆ ಬೇರೆ, ಆಗುಂಬೆಯ ಮಳೆ ಬೇರೆ. ಸೊಂಟದೆತ್ತರದ ಬಳ್ಳಿಗೆ ಚಿಮುಕಿಸೋದು ಬೇರೆ, ಮುಗಿಲಿಗೆ ಮುಖ ಮಾಡಿದ ಅಡಿಕೆ ಮರದ ತುದಿಗೆ ಹೊಡೆಯೋದು ಬೇರೆ. ಹೊಡೆದ ಮದ್ದು ಮಲೆನಾಡಿನ ಮಳೆಗೆ ತೊಳೆದು ಹೋಗದಿರಲಿ ಅಂತ ಕೋಲ್ಮನ್ ರಾಳ ಮತ್ತು ಸೋಡಾ ಸೇರಿಸಿ ಅಂಟುವ ಗುಣ ತಂದರು. ಕಡಿಮೆ ಖರ್ಚಿನಲ್ಲಿ, ಮಳೆಗಾಲದಲ್ಲಿ ಕೆಲವೇ ಸಲ ಹೊಡೆದರೆ ಸಾಕು ಅನ್ನುವ ಮಟ್ಟಕ್ಕೆ ವಿಧಾನವನ್ನ ಇಳಿಸಿದರು.

ಇಲ್ಲಿ ನನಗೆ ಮುಖ್ಯ ಅನ್ನಿಸೋದು ಮದ್ದಿನ ರಸಾಯನಕ್ಕಿಂತ ಅದು ತೋಟಕ್ಕೆ ಹೋದ ದಾರಿ. ಇಲಾಖೆಯವರು ತೋಟಕ್ಕೇ ಹೋಗಿ ಹೊಡೆದು ತೋರಿಸಬೇಕಿತ್ತು, ಯಾಕಂದ್ರೆ ಗೊನೆಗೆ ನೀಲಿ ವಿಷ ಹೊಡೆಸಿಕೊಳ್ಳೋಕೆ ಯಾವ ಬೆಳೆಗಾರ ತಾನೇ ಮೊದಲ ದಿನವೇ ಒಪ್ತಾನೆ? ಒಂದು ತೋಟಕ್ಕೆ ಹೊಡೆದು ಪಕ್ಕದ್ದನ್ನ ಬಿಟ್ಟರೆ ರೋಗ ಮತ್ತೆ ಹಬ್ಬುತ್ತೆ. ಊರಿಗೆ ಊರೇ ಸೇರಿದರೆ ಮಾತ್ರ ಪ್ರಯೋಜನ. ಒಬ್ಬ ರೈತನ ಜೇಬಿಗೆ ಬಿಟ್ಟರೆ ನಡೆಯದ, ಸಾರ್ವಜನಿಕ ಇಲಾಖೆ ನಿಂತು ಮಾಡಬೇಕಾದ ಕೆಲಸ ಅದು. ಇವತ್ತು ಕೊಳೆರೋಗದ ಮಳೆಗಾಲದಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ತೋಟಗಳಲ್ಲಿ ಬೋರ್ಡೋ ಅನ್ನುವ ಪದ ಕನ್ನಡದ್ದೇ ಅನ್ನುವಷ್ಟು ಸಲೀಸಾಗಿ ಓಡಾಡುತ್ತೆ. ಒಂದು ಫ್ರೆಂಚ್ ಊರಿನ ಹೆಸರು ನಮ್ಮ ನಾಲಿಗೆಗೆ ಹೀಗೆ ಬಂತು.

ಇಲಾಖೆ ಅಂದರೆ ಒಬ್ಬರಲ್ಲ

1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನಕ್ಕೆ ಪ್ರತ್ಯೇಕ ಕೃಷಿ ಇಲಾಖೆ ಬಂತು. ಕೋಲ್ಮನ್ ಅದರ ಮೊದಲ ನಿರ್ದೇಶಕರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ರಾಗಿ, ಹತ್ತಿ, ಕಬ್ಬಿನ ತಳಿ ಆಯ್ಕೆ ನಡೆಯಿತು. ಕಾಫಿಗೆ ಬೀಳುವ ತುಕ್ಕು ರೋಗ, ಕಾಂಡಕೊರಕ, ಹಸಿರು ಶಲ್ಕಕೀಟಗಳಿಗೆ ಉತ್ತರ ಹುಡುಕೋಕೆ 1925ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ದೇಶದ ಕಾಫಿ ಸಂಶೋಧನೆಯ ಕೇಂದ್ರ ಇವತ್ತಿಗೂ ಅದೇ.

ಇದೆಲ್ಲ ಕೋಲ್ಮನ್ ಒಬ್ಬರೇ ಮಾಡಿದ್ದು ಅಂದರೆ ಅನ್ಯಾಯ ಆಗುತ್ತೆ. ಭತ್ತದ ಮಿಡತೆ, ಕಾಫಿಯ ಕೀಟಗಳ ಮೇಲಿನ ವರದಿಗಳಲ್ಲಿ ಅವರ ಜೊತೆ ಇನ್ನೊಂದು ಹೆಸರಿದೆ: ಕೆ. ಕುಂಞಿ ಕಣ್ಣನ್. ಮಲಬಾರಿನಿಂದ ಬಂದು ಕೋಲ್ಮನ್ನರ ಸಹಾಯಕರಾಗಿ ಸೇರಿ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿ, ಸಂಸ್ಥಾನದ ಕೀಟಶಾಸ್ತ್ರಜ್ಞರಾದವರು. ಪಾಶ್ಚಾತ್ಯ ನಾಗರಿಕತೆಯನ್ನ ವಿಮರ್ಶಿಸುವ ಪುಸ್ತಕಗಳನ್ನೂ ಬರೆದರು. 1931ರಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಕೋಲ್ಮನ್ ಹೆಸರೇ ಕೆಲವರಿಗೆ ಮಾತ್ರ ಗೊತ್ತಿರುವಾಗ ಕಣ್ಣನ್ ಹೆಸರು ಯಾರಿಗೆ ಗೊತ್ತಿರುತ್ತೆ? ಪ್ರಯೋಗದ ಜಮೀನಿನಲ್ಲಿ ಉತ್ತವರು, ತೋಟದಲ್ಲಿ ಮರ ಹತ್ತಿದ ಕೊನೆಗಾರರು ಯಾವ ವರದಿಗೂ ಬರಲಿಲ್ಲ. ವಿಜ್ಞಾನದ ಚರಿತ್ರೆ ಬರೆಯುವಾಗ ನಾವು ಮಾಡುವ ಈ ತಪ್ಪು ಮೆಡಾಕಿನ ದರ್ಜೆ ಪಟ್ಟಿಯ ತಪ್ಪಿಗಿಂತ ಬೇರೆಯಲ್ಲ.

ನಾಲೆ ಬಂತು, ಬೆಳೆ ಯಾವುದು?

1924ರಲ್ಲಿ ಮೈಸೂರು ಮತ್ತು ಮದ್ರಾಸ್ ನಡುವೆ ಕಾವೇರಿ ಒಪ್ಪಂದ ಆಯಿತು. ಕನ್ನಂಬಾಡಿ ಕಟ್ಟೆಯ ಕೆಳಗೆ 1,25,000 ಎಕರೆಗೆ ಹೊಸದಾಗಿ ನೀರುಣಿಸಿಕೊಳ್ಳಲು ಮೈಸೂರಿಗೆ ಅವಕಾಶ ಸಿಕ್ಕಿತು. ಹುಳಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ದೊಡ್ಡ ನಾಲೆ ತಂದರು. ಆಗಿನ ವೈಸರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಅಂತ ಕರೆದರು. ಈಗ ಅದು ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿ.ಸಿ. ನಾಲೆ.

ನೀರು ಹರಿಯೋ ಹೊತ್ತಿಗೆ ಜಗತ್ತು ಆರ್ಥಿಕ ಕುಸಿತದಲ್ಲಿ ಸಿಕ್ಕಿಹಾಕಿಕೊಂಡಿತ್ತು. ದವಸಧಾನ್ಯದ ಬೆಲೆ ಬಿದ್ದುಹೋಗಿತ್ತು. ನಾಲೆಗೆ ಸುರಿದ ದುಡ್ಡು ವಾಪಸ್ ಬರಬೇಕಾದರೆ ರೈತರು ನೀರಿನ ಕಂದಾಯ ಕಟ್ಟಬೇಕು. ರಾಗಿ ಬೆಳೆದು ಬದುಕಿದ ಬಯಲುಸೀಮೆಯ ರೈತ ಅದನ್ನ ಎಲ್ಲಿಂದ ಕಟ್ಟಬೇಕು? 1930ರ ದಶಕದ ಆರಂಭದಲ್ಲಿ ಈ ಸೀಮೆಯ ರೈತರು ಕಂದಾಯದ ಭಾರ ತಡೆಯಲಾರದೆ ಚಳವಳಿಗೆ ಇಳಿದರು. ಎಚ್.ಕೆ. ವೀರಣ್ಣಗೌಡರಂಥವರು ಮುಂದೆ ನಿಂತರು. ಮಂಡ್ಯ ಅಂದರೆ ಹೋರಾಟ ಅನ್ನುವ ಮಾತಿನ ಬೇರು ಅಲ್ಲಿದೆ.

ಕೋಲ್ಮನ್ ಈ ಹೊತ್ತಿನಲ್ಲಿ ಹೇಳಿದ ಉತ್ತರ ಕಬ್ಬು. ನಮ್ಮಲ್ಲಿ ಪಟ್ಟಾಪಟ್ಟಿ ಅನ್ನುವ ನಾಟಿ ಕಬ್ಬು ಮೊದಲಿಂದಲೂ ಇತ್ತು, ಆಲೆಮನೆ ಬೆಲ್ಲವೂ ಇತ್ತು. ಹೆಬ್ಬಾಳದಲ್ಲಿ ಅವರು ನಡೆಸಿದ ತಳಿ ಕೆಲಸದಿಂದ ಎಚ್.ಎಂ. ಅನ್ನುವ ಹೆಸರಿನ ಕಬ್ಬಿನ ತಳಿಗಳು ಬಂದವು. ಎಚ್ ಅಂದರೆ ಹೆಬ್ಬಾಳ, ಎಂ ಅಂದರೆ ಮೈಸೂರು. ಮಂಡ್ಯದ ಹತ್ತಿರ ನಾಲೆ ಪ್ರದೇಶಕ್ಕೆ ಅಂತಲೇ ಪ್ರಯೋಗ ಕ್ಷೇತ್ರ ಮಾಡಿದರು, ಈಗಿನ ವಿ.ಸಿ. ಫಾರಂ. 1932ರಲ್ಲಿ ಬ್ರಿಟಿಷ್ ಸರ್ಕಾರ ವಿದೇಶಿ ಸಕ್ಕರೆ ಮೇಲೆ ರಕ್ಷಣಾ ಸುಂಕ ಹಾಕಿದಾಗ ಇಲ್ಲೇ ಸಕ್ಕರೆ ಮಾಡುವ ಲೆಕ್ಕ ಕೂಡಿ ಬಂತು.

ಪ್ರಶ್ನೆ ಇದ್ದಿದ್ದು, ಕಾರ್ಖಾನೆ ಯಾರದ್ದು? ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಯಲ್ಲಿ ಸರ್ಕಾರದ ಪಾಲು ದೊಡ್ಡದು, ರೈತರೂ ಷೇರುದಾರರು. ಕಬ್ಬು ಕೊಡುವವನೇ ಕಾರ್ಖಾನೆಯಲ್ಲಿ ಪಾಲುದಾರ. ಪಕ್ಕದಲ್ಲೇ ಪ್ರಯೋಗ ಕ್ಷೇತ್ರ, ಅದರ ಹಿಂದೆ ಇಲಾಖೆ, ಅದರ ಹಿಂದೆ ನಾಲೆ. ಬೀಜದಿಂದ ಚೀಲದವರೆಗೆ ಸಾರ್ವಜನಿಕ ಸಂಸ್ಥೆಗಳ ಒಂದು ಸರಪಳಿ ಅದು. ಸಣ್ಣ ತಾಲ್ಲೂಕು ಕೇಂದ್ರವಾಗಿದ್ದ ಮಂಡ್ಯ 1939ರಲ್ಲಿ ಜಿಲ್ಲೆಯಾಯಿತು. ಸಕ್ಕರೆ ನಾಡು ಅನ್ನುವ ಬಿರುದು ಅಂಟಿಕೊಂಡಿತು.

ಕೋಲ್ಮನ್ 1934ರಲ್ಲಿ ಕೆಲಸ ಬಿಟ್ಟು ಕೆನಡಾಕ್ಕೆ ಮರಳಿದರು. ಅಲ್ಲೂ ಸಸ್ಯ ಸಂಶೋಧನೆ ಮುಂದುವರಿಸಿದರು. 1954ರಲ್ಲಿ ತೀರಿಕೊಂಡರು.

ಲೆಕ್ಕ ತಪ್ಪಿದ್ದೆಲ್ಲಿ?

ಇಲ್ಲಿಗೆ ನಿಲ್ಲಿಸಿದರೆ ಇದು ಇನ್ನೊಂದು ಗುಣಗಾನ ಆಗುತ್ತೆ. ನಾಲೆ ನೀರಿನ ಜೊತೆ ಮಲೇರಿಯಾ ಕೂಡ ಈ ಹಳ್ಳಿಗಳಿಗೆ ಬಂತು. ಬಸಿಗಾಲುವೆಗಳನ್ನ ಸರಿಯಾಗಿ ಯೋಚಿಸದೆ ನೀರು ಬಿಟ್ಟರೆ ಏನಾಗುತ್ತೆ ಅಂತ ಜನ ಜ್ವರದಲ್ಲಿ ಕಲಿತರು. ಮೇಲಿನಿಂದ ಬಂದ ಯೋಜನೆಯಲ್ಲಿ ಊರಿನವರ ಮಾತು ಕೇಳುವ ಜಾಗ ಇರಲಿಲ್ಲ. ರಾಜಾಡಳಿತ, ಅದರ ತಲೆ ಮೇಲೆ ಬ್ರಿಟಿಷ್ ರೆಸಿಡೆಂಟ್. ಆ ವ್ಯವಸ್ಥೆಯೊಳಗೆ ಕೋಲ್ಮನ್ ಒಬ್ಬ ಅಧಿಕಾರಿ, ರೈತರ ಪ್ರತಿನಿಧಿಯಲ್ಲ.

ನೀರು ಹಂಚೋಕೆ ಅಂತ ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿ ತಂದಿದ್ದರು. ಜಮೀನನ್ನ ಬ್ಲಾಕುಗಳಾಗಿ ಮಾಡಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ಕಡಿಮೆ ನೀರಿನ ಬೆಳೆ, ಮೂರು ವರ್ಷಕ್ಕೆ ಸರದಿ ಬದಲು. ಇರುವ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟಲಿ ಅನ್ನೋದು ಅದರ ತರ್ಕ. ಆ ಶಿಸ್ತು ಉಳಿಯಲಿಲ್ಲ. ನಾಲೆ ತಲೆಭಾಗದಲ್ಲಿ ಕಬ್ಬು, ಭತ್ತ ಬಿಟ್ಟರೆ ಬೇರೆ ಮಾತಿಲ್ಲ. ಕೊನೆ ಭಾಗದ ಮಳವಳ್ಳಿ, ಮದ್ದೂರಿನ ಹಳ್ಳಿಗಳಿಗೆ ನೀರು ಬರೋದು ಬಂದಾಗ. ನಾಲೆ ಕೊನೆಯ ರೈತರು ನೀರಿಗಾಗಿ ರಸ್ತೆಗೆ ಬರೋದನ್ನ ನಮ್ಮ ತಾಲ್ಲೂಕಿನವರು ನೋಡ್ತಾನೇ ಬೆಳೆದಿದ್ದೇವೆ. ಹತ್ತಿರದಲ್ಲೇ ಶಿವನಸಮುದ್ರದಲ್ಲಿ ನದಿ ಭೋರ್ಗರೆಯುತ್ತಿರುತ್ತೆ, ಈ ಕಡೆ ಗದ್ದೆ ಬಿರುಕು ಬಿಟ್ಟಿರುತ್ತೆ. ಮಳೆ ಕೈಕೊಟ್ಟ ವರ್ಷ ಎರಡು ರಾಜ್ಯಗಳ ರೈತರು ಒಬ್ಬರನ್ನೊಬ್ಬರು ಶತ್ರುಗಳು ಅಂದುಕೊಳ್ಳುವ ಹಾಗಾಗುತ್ತೆ. ಒಂದೇ ಬೆಳೆಗೆ ಇಡೀ ಸೀಮೆಯನ್ನ ಕಟ್ಟಿಹಾಕಿದರೆ ಆ ಬೆಳೆಯ ಬೆಲೆ ಬಿದ್ದ ದಿನ ಇಡೀ ಸೀಮೆ ಬೀಳುತ್ತೆ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ದೇಶದ ಸುದ್ದಿಯಾಗಿದ್ದು ನಮಗೆಲ್ಲ ನೆನಪಿದೆ.

ಊರಿನ ಹೆಸರು ಯಾರಿಗೆ ಸೇರಿದ್ದು

ಮೆಡಾಕಿನ ಹಳ್ಳಿಗಳ ಕತೆ ಆಮೇಲೆ ಏನಾಯಿತು ಅಂತ ಇಲ್ಲಿ ನೋಡಬೇಕು. ರೋಗ ತಡೆದ ಮೇಲೆ ಬೇರೆ ತೊಂದರೆ ಶುರುವಾಯಿತು. ಎಲ್ಲೆಲ್ಲಿಂದಲೋ ತಂದ ಅಗ್ಗದ ವೈನನ್ನ ಹೆಸರಾಂತ ಊರುಗಳ ಹೆಸರಿನಲ್ಲಿ ವ್ಯಾಪಾರಿಗಳು ಮಾರತೊಡಗಿದರು. 1907ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ, 1911ರಲ್ಲಿ ಶಾಂಪೇನ್ ಸೀಮೆಯಲ್ಲಿ ದ್ರಾಕ್ಷಿ ಬೆಳೆಗಾರರು ದಂಗೆ ಎದ್ದರು. ಸೈನ್ಯ ಬಂತು. ಈ ಒತ್ತಡದಿಂದ ಕಾನೂನುಗಳು ಬಂದವು. ಬೋರ್ಡೋ ಅನ್ನುವ ಹೆಸರನ್ನ ಎಲ್ಲಿಯವರೆಗೆ ಬಳಸಬಹುದು ಅನ್ನುವ ಗಡಿ 1911ರಲ್ಲಿ ಗೊತ್ತಾಯಿತು. 1936ರಲ್ಲಿ ಸೇಂಟ್ ಜೂಲಿಯನ್ ಎಂಬ ಹಳ್ಳಿಯ ಹೆಸರಿಗೇ ಕಾನೂನಿನ ರಕ್ಷಣೆ ಸಿಕ್ಕಿತು. ಆ ಮಣ್ಣಿನಲ್ಲಿ ಬೆಳೆಯದ ದ್ರಾಕ್ಷಿಯ ವೈನ್ ಬಾಟಲಿ ಮೇಲೆ ಆ ಹೆಸರು ಹಾಕುವ ಹಾಗಿಲ್ಲ. ಅಲ್ಲೂ ಎಸ್ಟೇಟು ದೊಡ್ಡವರದ್ದೇ, ಗೊನೆ ಕೀಳುವವರು ಇವತ್ತಿಗೂ ದಿನಗೂಲಿಯವರೇ. ಆದರೂ ಊರಿನ ಹೆಸರಿನ ಮೇಲಿನ ಹಕ್ಕು ಊರಲ್ಲೇ ಉಳಿಯಿತು.

ನಮ್ಮಲ್ಲಿ ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೋರ್ಡೋದಿಂದ ಮದ್ದು ಪಡೆದ ಬೆಳೆ ನೂರು ವರ್ಷದ ಮೇಲೆ ಬೋರ್ಡೋದ ಕಾನೂನಿನ ದಾರಿಯನ್ನೂ ಹಿಡಿಯಿತು ಅನ್ನಬಹುದು. ಕಬ್ಬಿಗೆ ಅದು ಸುಲಭವಲ್ಲ. ಸಕ್ಕರೆ ಚೀಲದೊಳಗೆ ಮದ್ದೂರಿನ ಕಬ್ಬೂ ಮಳವಳ್ಳಿಯ ಕಬ್ಬೂ ಒಂದೇ ಬಿಳಿ ಪುಡಿ. ಹೆಸರು ಕಳೆದುಹೋಗುವ ಬೆಳೆಯಲ್ಲಿ ರೈತನಿಗೆ ಉಳಿಯುವ ಹಿಡಿತ ಕಾರ್ಖಾನೆಯ ಮೇಲಿನ ಹಿಡಿತ ಮಾತ್ರ. ಮೈಶುಗರ್ ಪ್ರಶ್ನೆ ಮಂಡ್ಯದವರಿಗೆ ಇಷ್ಟು ಸೂಕ್ಷ್ಮ ಆಗಿರೋದು ಅದಕ್ಕೇ.

ಆ ಕಾರ್ಖಾನೆ ನಷ್ಟದಲ್ಲಿ ಸಿಕ್ಕಿ ಕೆಲವು ವರ್ಷ ನಿಂತೇ ಹೋಗಿತ್ತು. 2020ರಲ್ಲಿ ಖಾಸಗಿಯವರಿಗೆ ಕೊಡುವ ಪ್ರಸ್ತಾಪ ಬಂದಾಗ ರೈತ ಸಂಘಟನೆಗಳು ಬೀದಿಗಿಳಿದವು. ಸರ್ಕಾರವೇ ನಡೆಸುವ ತೀರ್ಮಾನ ಆಗಿ 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರುವಾಯಿತು. ಹಳೇ ಯಂತ್ರ, ಸಾಲ, ಆಡಳಿತದ ಅಸಡ್ಡೆ ಇವೆಲ್ಲ ನಿಜವಾದ ಸಮಸ್ಯೆಗಳೇ. ಸರ್ಕಾರದ್ದು ಅಂದ ಮಾತ್ರಕ್ಕೆ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಸಾರ್ವಜನಿಕ ಸಂಸ್ಥೆ ಕೆಟ್ಟರೆ ಅದನ್ನ ಪ್ರಶ್ನೆ ಮಾಡುವ, ಸರಿಮಾಡಿಸುವ ಹಕ್ಕು ನಮಗಿದೆ. ಮಾರಿಬಿಟ್ಟ ಮೇಲೆ ಗೇಟಿನ ಹೊರಗೆ ನಿಂತು ಬಾಕಿ ಕೇಳೋದಷ್ಟೇ ಉಳಿಯುತ್ತೆ. ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು.

ಕೋಲ್ಮನ್ ಬಿಟ್ಟು ಹೋಗಿದ್ದರಲ್ಲಿ ತಳಿಗಳು ಹಳೆಯವಾದವು, ಯಂತ್ರ ತುಕ್ಕು ಹಿಡಿಯಿತು, ಮದ್ದಿಗೂ ಹೊಸ ಬದಲಿಗಳು ಬಂದಿವೆ. ಕೃಷಿ ಇಲಾಖೆ, ಹೆಬ್ಬಾಳ, ಬಾಳೆಹೊನ್ನೂರು, ವಿ.ಸಿ. ಫಾರಂ, ಮೈಶುಗರ್ ಇನ್ನೂ ಇವೆ. ನಮ್ಮ ಜಿಲ್ಲೆಯ ಚುನಾವಣೆಗಳಲ್ಲಿ ಕಾವೇರಿ ಬಗ್ಗೆ ಭಾಷಣ ಮಾಡದ ಅಭ್ಯರ್ಥಿ ಇಲ್ಲ. ಮುಂದಿನ ಸಲ ಮತ ಕೇಳೋಕೆ ಬಂದವರನ್ನ ಇನ್ನೂ ಮೂರು ವಿಷಯ ಕೇಳಿ: ವಿ.ಸಿ. ಫಾರಂನಲ್ಲಿ ಖಾಲಿ ಇರುವ ವಿಜ್ಞಾನಿಗಳ ಹುದ್ದೆ ಎಷ್ಟು, ಮೈಶುಗರ್‌ನ ರೈತ ಷೇರುದಾರರಿಗೆ ಆಡಳಿತದಲ್ಲಿ ಇರುವ ಮಾತೇನು, ನಾಲೆಯ ಕೊನೆಯ ಹಳ್ಳಿಗೆ ನೀರು ಯಾವ ತಾರೀಕಿಗೆ ಬರುತ್ತೆ.